ಹುಣಸೆ ಮರದ ಟವರು

"ಬರೋ ಶುಕ್ರವಾರ ಇದೇ ಹಜಾರದಲ್ಲಿ, ಇದೇ ಕುರ್ಚಿ ಮ್ಯಾಲೆ ಕುಂತ್ಕಂಡು ನೀನು ಮೈಸೂರ್ನೋರ ತಾವ ಮುಖಾಮುಖಿ ಮಾತಾಡ್ತೀಯ ಕಣಮ್ಮಿ! ಅಂಗೆ ಮಾಡ್ನಿಲ್ಲ ಅಂದ್ರೆ ನಾನು ವೈಂಡಿಂಗ್ ಸುನೀಲ್‌ಕುಮಾರನೇ ಅಲ್ಲ!"

ಹೀಗೆಂದು ನಾನು ಎದೆ ಉಬ್ಬಿಸಿ ಘೋಷಿಸಿದಾಗ ನನ್ನ ಹೆಂಡತಿ ಲಕ್ಷ್ಮಿದೇವಿ ಅವರೆಕಾಯಿ ಸುಲಿಯುತ್ತಿದ್ದಳು. ತಲೆ ಕೂಡ ಎತ್ತಲಿಲ್ಲ.

"ಮೊದ್ಲು ನಮ್ಮನೆ ಮಿಕ್ಸಿಗೆ ವೈಂಡಿಂಗ್ ಮಾಡಿ. ಹಬ್ಬದಿಂದ ಅಟ್ಟದ ಮ್ಯಾಲೆ ಕುಂತೈತೆ" ಎಂದಳು.

ನಾನು ಸಾಮಾನ್ಯನಲ್ಲ ಎನ್ನುವುದನ್ನು ಇಲ್ಲಿ ಹೇಳಲೇಬೇಕು. ಎನ್. ಬೇಗೂರಿನಲ್ಲಿ ನನ್ನದೊಂದು ಮೋಟರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟು ಕರಕಲಾಗಿ, ಮನೆಯವರೆಲ್ಲ ಆಸೆ ಬಿಟ್ಟ ಬೋರ್‌ವೆಲ್ ಮೋಟರುಗಳು ನನ್ನ ಕೈ ಸೋಕಿದ ಮೇಲೆ ಎದ್ದು ಕೂತು ನೀರೆತ್ತಿವೆ. ಪಾತಾಳದಲ್ಲಿರುವ ನೀರನ್ನೇ ಮೇಲಕ್ಕೆ ತಂದವನಿಗೆ ಆಕಾಶದಲ್ಲಿರುವ ನೆಟ್ಟನ್ನು ಕೆಳಕ್ಕೆ ತರುವುದು ಯಾವ ಲೆಕ್ಕ? ನಾನು ಯೋಚಿಸಿದ್ದು ಹಾಗೆ.

ನಮ್ಮ ಊರು ಬೇಗೂರಿನಿಂದ ಕಾಡಿನ ಕಡೆಗೆ ಸ್ವಲ್ಪ ಒಳಗಿದೆ. ಇಲ್ಲಿ ಇಂಟರ್ನೆಟ್ ಇಲ್ಲವೇ ಇಲ್ಲ ಎಂದರೆ ತಪ್ಪಾದೀತು. ಪಂಚಾಯ್ತಿ ಕಚೇರಿಯ ಗೋಡೆಯ ಮೇಲೆ ಕಂಪ್ಯೂಟರ್ ಮುಂದೆ ನಗುನಗುತ್ತಾ ಕೂತ ರೈತನ ಚಿತ್ರ ಬರೆಸಿದ್ದಾರೆ. ಊರಿನಲ್ಲಿ ನೆಟ್ ಇರುವುದು ಅವನೊಬ್ಬನಿಗೆ! ಮಿಕ್ಕವರೆಲ್ಲ ಕೆರೆ ಏರಿಗೆ ಹೋಗಬೇಕು. ಕೊರೊನಾ ಕಾಲದಲ್ಲಿ ಮಕ್ಕಳ ಪಾಠ ನಡೆದದ್ದು ಏರಿಯ ಮೇಲೆ. ರೇಷನ್ ಅಂಗಡಿಯವನು ತಿಂಗಳಿಗೊಮ್ಮೆ ಹೆಬ್ಬೆಟ್ಟಿನ ಮಿಷನ್ ಎತ್ತಿಕೊಂಡು ಹೋಗುವುದೂ ಏರಿಗೇ. ಅವನ ಹಿಂದೆ ಇಡೀ ಊರು ಹೆಬ್ಬೆಟ್ಟು ಒರೆಸಿಕೊಳ್ಳುತ್ತಾ ಮೆರವಣಿಗೆ ಹೊರಡುತ್ತದೆ. ಒಮ್ಮೊಮ್ಮೆ ನಮ್ಮ ಮೊಬೈಲುಗಳು ಗಡಿಯಾಚೆಯ ಟವರು ಹಿಡಿದು 'ಕೇರಳಕ್ಕೆ ಸ್ವಾಗತ' ಎನ್ನುವುದೂ ಉಂಟು. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೂತ ನನ್ನ ಅವ್ವ ಚಿಕ್ಕಮಾದಮ್ಮ ಹೀಗೆ ಕೂತಲ್ಲಿಂದಲೇ ಎಷ್ಟೋ ಸಲ ಹೊರರಾಜ್ಯ ಪ್ರವಾಸ ಮುಗಿಸಿ ಬಂದಿದ್ದಾಳೆ.

ಆದರೆ ಏರಿಯ ಮೇಲೆ ಮಾತು ಬರುತ್ತದೆ, ಮುಖ ಬರುವುದಿಲ್ಲ. ಲಕ್ಷ್ಮಿಗೆ ಈಗ ಮುಖವೇ ಬೇಕಾಗಿತ್ತು.

ಅವಳು ಊರಿನ ಮಹಿಳಾ ಸಂಘದ ಅಧ್ಯಕ್ಷೆ. ಸಂಘದ ಹೆಂಗಸರು ನೆಲ್ಲಿಕಾಯಿ, ಮಾವಿನಶುಂಠಿ ಉಪ್ಪಿನಕಾಯಿ ಹಾಕುತ್ತಾರೆ. ಸಂತೆಯ ಬಿಸಿಲಿನಲ್ಲಿ ಕೂತು ಮಾರುತ್ತಾರೆ. ಮೈಸೂರಿನ ಅಂಗಡಿಯವರೊಬ್ಬರು ವರ್ಷವಿಡೀ ಉಪ್ಪಿನಕಾಯಿ ಕೊಳ್ಳುವುದಕ್ಕೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ನಮ್ಮ ಎಚ್.ಡಿ. ಕೋಟೆ ತಾಲ್ಲೂಕುಗಳಿಂದ ಒಂದೇ ಒಂದು ಸಂಘವನ್ನು ಆರಿಸುವವರಿದ್ದರು. ಸಂದರ್ಶನ ವಿಡಿಯೋ ಕಾಲ್‌ನಲ್ಲಿ, ಶುಕ್ರವಾರ ಬೆಳಿಗ್ಗೆ. ಇದು ಸಿಕ್ಕರೆ ಸಂಘದ ಚಿಕ್ಕಸಿದ್ದಮ್ಮನಂಥವರು ಕಾಫಿ ಕುಯ್ಯಲು ಮಕ್ಕಳನ್ನು ಬಿಟ್ಟು ಕೊಡಗಿನ ಜೀಪು ಹತ್ತುವುದು ತಪ್ಪುತ್ತಿತ್ತು.

"ನಾನು ಕೋಟೆಗೆ ಓಯ್ತೀನಿ. ನಮ್ಮಕ್ಕನ ಮನೇಲಿ ಕುಂತು ಮಾತಾಡ್ತೀನಿ" ಎಂದಳು ಲಕ್ಷ್ಮಿ.

ನನ್ನ ಸ್ವಾಭಿಮಾನಕ್ಕೆ ಬೆಂಕಿ ಬಿದ್ದದ್ದು ಈ ಮಾತಿನಿಂದ. ಅವಳ ಅಕ್ಕನ ಮನೆಯೆಂದರೆ ನನ್ನ ಷಡ್ಡಕ ಮಹದೇವಯ್ಯನ ಮನೆ. ಅವನ ಮನೆಯಲ್ಲಿ ವೈಫೈ ಇದೆ. ಹೋದವರಿಗೆ ನೀರು ಕೊಡುವ ಮೊದಲು ಪಾಸ್‌ವರ್ಡ್ ಕೊಡುವ ಆಸಾಮಿ! ಅವನ ನೆಟ್ಟಿನಲ್ಲಿ ನನ್ನ ಹೆಂಡತಿ ಗೆದ್ದರೆ ಆ ಗೆಲುವನ್ನು ಅವನು ನನ್ನ ಮೊಮ್ಮಕ್ಕಳ ಕಾಲದವರೆಗೂ ಹೇಳಿಕೊಂಡು ತಿರುಗುತ್ತಾನೆ. ಆದ್ದರಿಂದಲೇ ಆ ಘೋಷಣೆ.

ಮೊದಲು ಮೊಬೈಲನ್ನು ಹೆಂಚಿನ ಮೇಲಿಟ್ಟು ನೋಡಿದೆ. ಬಿಸಿಲಿಗೆ ಹಪ್ಪಳದಂತೆ ಕಾಯಿತೇ ಹೊರತು ಒಂದು ಕಡ್ಡಿಯೂ ಬರಲಿಲ್ಲ. ಆಮೇಲೆ ಇಡ್ಲಿ ತಟ್ಟೆಗಳನ್ನು ಬಿದಿರಿಗೆ ಕಟ್ಟಿ ಆಕಾಶಕ್ಕೆ ತೋರಿಸಿದೆ. ಸಿಗ್ನಲ್ಲು ಬರಲಿಲ್ಲ, ಕಾಗೆಗಳು ಬಂದವು. ಆ ಬೆಳಿಗ್ಗೆ ಲಕ್ಷ್ಮಿ ಇಡ್ಲಿ ಹಿಟ್ಟಿನ ಪಾತ್ರೆ ಹಿಡಿದುಕೊಂಡು ಅಂಗಳದಲ್ಲಿ ನಿಂತು ಬಿದಿರಿನ ತುದಿಯನ್ನೇ ನೋಡುತ್ತಿದ್ದಳು. ಒಳಗೆ ಹೋದಳು. ಉಪ್ಪಿಟ್ಟು ಮಾಡಿದಳು. ನನಗೆ ಉಪ್ಪಿಟ್ಟು ಸೇರುವುದಿಲ್ಲ ಎಂದು ಅವಳಿಗೆ ಗೊತ್ತು.

ದಾರಿ ತೋರಿಸಿದವನು ಪಕ್ಕದ ಮನೆಯ ಲಿಂಗಣ್ಣ. ನಮ್ಮ ಹಿತ್ತಿಲಿನಲ್ಲಿ ಭಾರೀ ಹುಣಸೆ ಮರವೊಂದಿದೆ. ಹಣ್ಣು ಬಡಿಯಲು ಮೇಲೆ ಹತ್ತಿದ್ದ ಲಿಂಗಣ್ಣ ಇದ್ದಕ್ಕಿದ್ದಂತೆ ಕಿರುಚಿದ. ಬಿದ್ದನೇನೋ ಎಂದು ಓಡಿದೆ.

"ಲೇ ಸುನೀಲ! ನನ್ ಮೊಬೈಲ್ಗೆ ದಬದಬಾಂತ ಮೆಸೇಜು ಬೀಳ್ತಾವೆ ಕಣ್ಲಾ! ಓದ್ ವರ್ಷದ ಯುಗಾದಿ ಶುಭಾಶಯ ಈಗ ಬಂತು!"

ಸಿಕ್ಕಿತು! ಮರದ ತುದಿಯಲ್ಲಿ ಟವರು ಚೆನ್ನಾಗಿ ಸಿಗುತ್ತದೆ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದನ್ನು ಮೇಲೆ ತೂಗುಹಾಕಿದರೆ, ಕೆಳಗೆ ಹಜಾರದಲ್ಲಿ ಕೂತ ಲಕ್ಷ್ಮಿಯ ಮೊಬೈಲಿಗೆ ನೆಟ್ ಇಳಿದು ಬರುತ್ತದೆ. ನಾನು ಅಂಗಡಿಯಿಂದ ರಾಟೆ, ಹಗ್ಗ ತಂದೆ. ಲಿಂಗಣ್ಣ ಮೇಲಿನ ಕೊಂಬೆಗೆ ರಾಟೆ ಕಟ್ಟಿದ. ಮೊಬೈಲನ್ನು ಹಿಡಿಕೆಯಿರುವ ಸ್ಟೀಲ್ ಪಾತ್ರೆಯಲ್ಲಿಟ್ಟು ಮುಚ್ಚಳ ಹಾಕಿ ಮೇಲೆ ಎಳೆದರೆ ನೆಟ್ ಪಾತ್ರೆಯೊಳಗೇ ಉಳಿಯಿತು, ಕೆಳಗೆ ಇಳಿಯಲಿಲ್ಲ. ಪಾತ್ರೆ ಬೇಡವೆಂದು ಅವ್ವ ಬಾಳೆಹಣ್ಣು ಇಡುತ್ತಿದ್ದ ಬಿದಿರು ಬುಟ್ಟಿಯನ್ನು ಖಾಲಿ ಮಾಡಿಸಿದೆ.

"ಅದ್ರಾಗೆ ಅಣ್ಣಿನ ವಾಸ್ನೆ ಓಗಿಲ್ಲ ಕಣ್ಲಾ" ಎಂದಳು ಅವ್ವ.

"ಮೊಬೈಲ್ಗೆ ಮೂಗಿಲ್ಲ ಬುಡವ್ವ!" ಎಂದೆ. ಎಂಥ ಹಾಸ್ಯಪ್ರಜ್ಞೆ ನನ್ನದು ಎಂದು ನಾನೇ ನಕ್ಕೆ ಕೂಡ.

ಗುರುವಾರ ಸಂಜೆ ಪರೀಕ್ಷೆ. ಬುಟ್ಟಿ ಧ್ವಜದಂತೆ ಗಂಭೀರವಾಗಿ ಮೇಲೇರಿತು. ಕೆಳಗೆ ಹಜಾರದಲ್ಲಿ, ಕೋಟೆಯ ಹಾಸ್ಟೆಲಿನಲ್ಲಿ ಓದುತ್ತಿರುವ ನಮ್ಮ ಮಗಳು ಮಾನಸಳ ಮುಖ ಲಕ್ಷ್ಮಿಯ ಮೊಬೈಲಿನಲ್ಲಿ ಮೂಡಿತು! ಅವ್ವ ಓಡಿಹೋಗಿ ತಲೆ ಬಾಚಿಕೊಂಡು ಬಂದಳು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, "ಊಟ ಮಾಡ್ದೇನವ್ವ? ಯಾಕಿಂಗೆ ಬಡವಾಗಿದ್ದೀಯ?" ಎಂದು ಕೇಳುತ್ತಾ, ಪರದೆಯ ಮೇಲಿದ್ದ ಮೊಮ್ಮಗಳ ಕೆನ್ನೆಯನ್ನು ಹೆಬ್ಬೆರಳಿನಿಂದ ಸವರಿದಳು. ಕಾಲ್ ಕಟ್ಟಾಯಿತು. ಮತ್ತೆ ಮಾಡಿದೆವು. ಮತ್ತೆ ಸವರಿದಳು.

"ಪರವಾಗಿಲ್ಲ ಕಣ್ರೀ" ಎಂದಳು ಲಕ್ಷ್ಮಿ. ಮದುವೆಯಾದ ಮೇಲೆ ಅವಳಿಂದ ಇಷ್ಟು ದೊಡ್ಡ ಹೊಗಳಿಕೆ ನಾನು ಕೇಳಿರಲಿಲ್ಲ. ಕೂಡಲೇ ಏರಿಗೆ ಹೋಗಿ ಮಹದೇವಯ್ಯನಿಗೆ ಫೋನ್ ಮಾಡಿ, ನಮ್ಮ ಮನೆಯಲ್ಲೂ ಈಗ ನೆಟ್ ಇದೆ ಎಂದು ತಿಳಿಸಿದೆ. ಬಾಯಿ ಸುಮ್ಮನಿರಬೇಕಲ್ಲ!

ಶುಕ್ರವಾರ ಬೆಳಗಾಯಿತು. ಸಂಘದ ಹೆಂಗಸರು ಹಬ್ಬದ ಸೀರೆ ಉಟ್ಟು, ಉಪ್ಪಿನಕಾಯಿ ಬಾಟಲಿಗಳನ್ನು ಮಡಿಲಲ್ಲಿಟ್ಟುಕೊಂಡು ಚಾಪೆಯ ಮೇಲೆ ಸಾಲಾಗಿ ಕೂತರು. ಲಕ್ಷ್ಮಿ ಕುರ್ಚಿಯ ಮೇಲೆ. ಮೊಬೈಲು ಎದುರಿಗೆ, ನೀರಿನ ಚೊಂಬಿಗೆ ಒರಗಿಸಿಟ್ಟದ್ದು. ಸರಿಯಾದ ಹೊತ್ತಿಗೆ ಪರದೆಯ ಮೇಲೆ ಮೈಸೂರಿನ ರೂಪಶ್ರೀ ಮೇಡಂ ಪ್ರತ್ಯಕ್ಷರಾದರು. ನಮಸ್ಕಾರ, ಪರಿಚಯ ಆಯಿತು. ನಾನು ಬಾಗಿಲಿಗೆ ಒರಗಿ ಮೀಸೆ ತಿರುವಿಕೊಂಡೆ.

"ನೆಲ್ಲಿಕಾಯಿ ಎಲ್ಲಿಂದ ತರ್ತೀರಿ?" ಎಂದರು ಮೇಡಂ. ಲಕ್ಷ್ಮಿ ಬಾಯಿ ತೆರೆದಳು. ಮೇಡಂ ಮುಖ ಅಲ್ಲೇ ಕಲ್ಲಾಯಿತು. ಪರದೆಯ ನಡುವೆ ಚಕ್ರ ತಿರುಗತೊಡಗಿತು.

"ಏನ್ರೀ!" ಎಂದಳು ಲಕ್ಷ್ಮಿ.

ಹಿತ್ತಿಲಿಗೆ ಓಡಿದೆ. ಬುಟ್ಟಿ ತನ್ನ ಜಾಗದಲ್ಲೇ ಇತ್ತು. ಸಮಾಧಾನವಾಯಿತು. ಆದರೂ ಒಮ್ಮೆ ನೋಡಿಬಿಡೋಣ ಎಂದು ಹಗ್ಗ ಬಿಟ್ಟು ಮೆಲ್ಲಗೆ ಇಳಿಸಿದೆ. ಬುಟ್ಟಿ ಖಾಲಿ! ತಲೆ ಎತ್ತಿದೆ. ಕೊಂಬೆಯ ಮೇಲೆ ಕೋತಿಯೊಂದು ಕೂತು ನನ್ನ ಮೊಬೈಲನ್ನು ಮೂಸಿ ನೋಡುತ್ತಿತ್ತು. ಹಣ್ಣಿನ ವಾಸನೆ ಇದೆ, ಸಿಪ್ಪೆ ಯಾವ ಕಡೆಯಿಂದ ಸುಲಿಯಬೇಕು ಎಂದು ತಿಳಿಯದೆ ಹಿಂದೆ ಮುಂದೆ ತಿರುಗಿಸುತ್ತಿತ್ತು. ನಾನು "ಏಯ್!" ಎಂದದ್ದೇ ತಪ್ಪಾಯಿತು. ಮೊಬೈಲನ್ನು ಬಾಯಲ್ಲಿ ಕಚ್ಚಿಕೊಂಡು ನಮ್ಮ ಮನೆಗಿಂತ ಎತ್ತರದ ಲಿಂಗಣ್ಣನ ಹೆಂಚಿನ ಮನೆಯ ಮೇಲೆ ನೆಗೆಯಿತು.

ನಾನು ಕಲ್ಲೆತ್ತಿಕೊಂಡೆ.

"ಒಡೀಬ್ಯಾಡ ಕಣ್ಲಾ! ಆಂಜನೇಯಪ್ಪ!" ಎಂದು ಅವ್ವ ಕೂಗಿದಳು.

"ಅವ್ವ, ಅವನ ಬಾಯಾಗೆ ನನ್ ಮೊಬೈಲೈತೆ!"

ಅಷ್ಟರಲ್ಲಿ ಬಾಗಿಲಿನಿಂದ ಲಕ್ಷ್ಮಿ ಹೊರಬಂದಳು. ಮೊಬೈಲನ್ನು ಮುಖದ ಮುಂದೆ ಕನ್ನಡಿಯಂತೆ ಹಿಡಿದುಕೊಂಡಿದ್ದಳು. ಕೋತಿ ಇದ್ದ ದಿಕ್ಕಿಗೆ ನಾಲ್ಕು ಹೆಜ್ಜೆ ಇಟ್ಟಳು. ಕಲ್ಲಾಗಿದ್ದ ಮೇಡಂ ಮುಖ ಅಲುಗಾಡಿತು!

"ಎಲ್ಲಿಗೋಯ್ತಿದ್ದೀಯಮ್ಮಿ?" ಎಂದು ಪಿಸುಗುಟ್ಟಿದೆ.

"ನೆಟ್ಟು ಎಲ್ಲಿಗೋದ್ರೆ ಅಲ್ಲಿಗೆ!" ಹಲ್ಲು ಕಚ್ಚಿಕೊಂಡೇ ಅಂದಳು. ಮುಖದ ಮೇಲಿನ ನಗು ಮಾತ್ರ ಮೈಸೂರಿನ ಕಡೆಗಿತ್ತು.

"ಲಕ್ಷ್ಮಿದೇವಿಯವರೇ, ಎದ್ದು ಹೊರಗೆ ಬಂದ್ರಾ?" ಮೇಡಂ ಧ್ವನಿ.

"ಹೌದು ಮೇಡಂ. ಒಳಗೆ ಕೂತು ಬರೀ ಬಾಟ್ಲಿ ತೋರಿಸಿದ್ರೆ ನಿಮಗೆ ಏನ್ ಗೊತ್ತಾಗ್ತದೆ? ಕಾಯಿ ಒಣಗಾಕಿರೋ ಜಾಗ ತೋರಿಸ್ತೀನಿ, ಬನ್ನಿ."

ಅಧ್ಯಕ್ಷೆ ಎದ್ದಮೇಲೆ ಸಂಘ ಕೂರುವುದುಂಟೇ? ಚಿಕ್ಕಸಿದ್ದಮ್ಮ ಮೊದಲಾಗಿ ಎಲ್ಲರೂ ಬಾಟಲಿ ಹಿಡಿದು ಹಿಂದೆ ಹೊರಟರು. ಲಿಂಗಣ್ಣ ಹೊರಗೆ ಬಂದು ಕಣ್ಣು ಕಣ್ಣು ಬಿಟ್ಟ.

"ಇದೇನ್ಲಾ ಸುನೀಲ, ಎಲ್ಲಾ ಬಾಟ್ಲು ಇಡ್ಕಂಡು ನಮ್ಮನೇಗೆ ಬತ್ತಾವ್ರೆ?"

"ಮೆತ್ತುಗ್ ಮಾತಾಡ್ಲಾ! ನೆಟ್ಟು ನಿಮ್ಮನೆ ಹೆಂಚಿನ ಮ್ಯಾಲೆ ಕುಂತೈತೆ! ಬಾಳೆಅಣ್ಣು ಇದ್ರೆ ತತ್ತಾ!"

ಲಿಂಗಣ್ಣ ತಂದ ಬಾಳೆಹಣ್ಣಿನ ಚಿಪ್ಪು ಹಿಡಿದು ನಾನು ಗೋಡೆಯ ಹತ್ತಿರ ಹೋದೆ. ಕೋತಿ ಹಿಂದೆ ಸರಿಯಿತು. ಲಕ್ಷ್ಮಿಯ ಕಾಲ್ ತಡವರಿಸಿತು. ನಾನು ಹಿಂದೆ ಸರಿದೆ. ಕೋತಿ ಮುಂದೆ ಬಂತು. ಕಾಲ್ ಸರಿಹೋಯಿತು. ಬೆನ್ನ ಹಿಂದೆ ಕೈ ಮಾಡಿ ಲಕ್ಷ್ಮಿ ನನಗೆ ಸನ್ನೆ ಮಾಡಿದಳು: ಹಿಡಿಯಬೇಡ, ಅಲ್ಲೇ ಇರಿಸು! ನನ್ನ ಕೆಲಸ ಏನೆಂದು ಆಗ ಅರ್ಥವಾಯಿತು. ಕೋತಿಯನ್ನು ಓಡಿಸುವುದಲ್ಲ, ಓಲೈಸುವುದು! ಅದು ಬೇಸರಪಟ್ಟು ಕಾಡಿಗೆ ಹೊರಟರೆ ಸಂಘದ ಭವಿಷ್ಯವೂ ಅದರ ಹಿಂದೆಯೇ ಹೊರಡುತ್ತದೆ. ಒಂದು ಕೈಯಲ್ಲಿ ಬಾಳೆಹಣ್ಣು ಎತ್ತಿ ಹಿಡಿದೆ, ಇನ್ನೊಂದು ಕೈಯನ್ನು ಅದಕ್ಕೆ ಸೇರಿಸಿ ಮುಗಿದೆ.

"ಅಲ್ಲೇ ಕುಂತ್ಕಳಪ್ಪ... ನಮ್ಮಪ್ಪ... ವಸಿ ಒತ್ತು ಅಷ್ಟೇ..."

ಅಂಗಳದ ಇನ್ನೊಂದು ಬದಿಯಲ್ಲಿ ಲಕ್ಷ್ಮಿ ನೆಲ್ಲಿಕಾಯಿ ಹರವಿದ್ದ ಚಾಪೆ ತೋರಿಸಿದಳು. ಉಪ್ಪು ಬೆರೆಸುವ ಗಡಿಗೆ ತೋರಿಸಿದಳು. ಚಿಕ್ಕಸಿದ್ದಮ್ಮನ ಕೈಯಿಂದ ಮಾವಿನಶುಂಠಿ ಮುರಿಸಿ ತೋರಿಸಿದಳು. ಅವಳ ಧ್ವನಿಯಲ್ಲಿ ಒಂದಿಷ್ಟೂ ನಡುಕವಿರಲಿಲ್ಲ. ಅವಳ ಕಾಲುಗಳು ಮಾತ್ರ ಕೋತಿ ಸರಿದಂತೆಲ್ಲ ಸರಿಯುತ್ತಿದ್ದವು.

"ಒಂದು ನಿಮಿಷ" ಎಂದರು ಮೇಡಂ. "ನಿಮ್ಮ ಹಿಂದೆ ಯಾರೋ ಬಾಳೆಹಣ್ಣು ಹಿಡ್ಕೊಂಡು ಮೇಲೆ ನೋಡಿ ಕೈ ಮುಗೀತಿದ್ದಾರಲ್ಲ, ಯಾರವರು?"

ಲಕ್ಷ್ಮಿ ತಿರುಗಿ ಕೂಡ ನೋಡಲಿಲ್ಲ. "ಅವರಾ ಮೇಡಂ? ನಮ್ಮ ಟವರ್ ನೋಡ್ಕೊಳ್ಳೋರು."

ಸುಳ್ಳಂತೂ ಅಲ್ಲ!

ಕೋತಿ ಕೊನೆಗೂ ಹಣ್ಣಿನ ಕಡೆ ಕೈ ಚಾಚಿತು. ಇನ್ನೇನು ಒಂದು ಗೇಣು. ಆಗ ಅದರ ಕೈಯಲ್ಲಿದ್ದ ನನ್ನ ಮೊಬೈಲು ಹೊಡೆದುಕೊಂಡಿತು! ನನ್ನ ರಿಂಗ್‌ಟೋನ್ ಹಾಡಲ್ಲ. ನಾನು ಬದುಕಿಸಿದ ಹಳೆಯ ಮೋಟರೊಂದು ಮೊದಲ ಸಲ ಚಾಲೂ ಆದಾಗಿನ ಶಬ್ದ, ಅಭಿಮಾನದಿಂದ ರೆಕಾರ್ಡ್ ಮಾಡಿಟ್ಟದ್ದು. 'ಗುರ್‌ರ್‌ರ್' ಎಂದು ಅದು ಗರ್ಜಿಸಿದ್ದಕ್ಕೆ ಕೋತಿ ಎಗರಿಬಿದ್ದು ಮೊಬೈಲನ್ನು ಬೀಸಿ ಎಸೆದು ಕಾಡಿನತ್ತ ಪರಾರಿಯಾಯಿತು. ಮೊಬೈಲು ಗಾಳಿಯಲ್ಲಿ ಪಲ್ಟಿ ಹೊಡೆದು ಲಿಂಗಣ್ಣನ ತಿಪ್ಪೆಗೆ ಬಿತ್ತು. ಫೋನ್ ಮಾಡಿದ್ದವನು ಮಹದೇವಯ್ಯ. ನಮ್ಮ ನೆಟ್ ಹೇಗಿದೆ ಎಂದು ವಿಚಾರಿಸಲು!

ತಿಪ್ಪೆ ಮೆತ್ತಗಿತ್ತು. ಮೊಬೈಲು ಸತ್ತಿರಲಿಲ್ಲ; ಅವ್ವನ ಕೊಟ್ಟಿಗೆಯಂತೆ ಅಲ್ಲೂ ಕೇರಳದ ಟವರು ಹಿಡಿದಿತ್ತೋ ಏನೋ. ಲಕ್ಷ್ಮಿ ತಿಪ್ಪೆಯ ಅಂಚಿಗೆ ಬಂದು ನಿಂತಳು. ಮೇಡಂ ಮತ್ತೆ ಮೂಡಿದರು.

"ಕೊನೇ ಪ್ರಶ್ನೆ. ಮಾವಿನಶುಂಠಿಗೆ ಏನು ಗೊಬ್ಬರ ಹಾಕ್ತೀರಿ?"

"ಇದೇ ಮೇಡಂ" ಎಂದು ಲಕ್ಷ್ಮಿ ಮೊಬೈಲನ್ನು ತಿಪ್ಪೆಯ ಕಡೆಗೆ ತಿರುಗಿಸಿದಳು. ಮೊಳಕೈವರೆಗೂ ಸಗಣಿಯಲ್ಲಿ ಕೈ ಹಾಕಿ ಹುಡುಕುತ್ತಿದ್ದ ನಾನು ತಲೆ ಎತ್ತಿದೆ. ಮೈಸೂರಿಗೆ ನಮಸ್ಕಾರ ಮಾಡಬೇಕೆನಿಸಿತು. ಕೈಗಳು ಆ ಸ್ಥಿತಿಯಲ್ಲಿರಲಿಲ್ಲ.

"ನಿಮ್ಮ ಟವರ್‌ನೋರು ಗೊಬ್ಬರದ ಕೆಲಸಾನೂ ಮಾಡ್ತಾರಾ?"

"ಎಲ್ಲಾ ಕೆಲಸಾನೂ ಮಾಡ್ತಾರೆ ಮೇಡಂ. ಹೇಳಿದ್ದೊಂದು ಬಿಟ್ಟು."

ಕಾಲ್ ಮುಗಿಯಿತು. ಲಕ್ಷ್ಮಿ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತಳು. ಹೆಂಗಸರು ಬಾಟಲಿಗಳನ್ನು ಸೆರಗಿನಿಂದ ಒರೆಸಿ ಚೀಲಕ್ಕೆ ತುಂಬತೊಡಗಿದರು.

"ಬುಡಕ್ಕ" ಎಂದಳು ಚಿಕ್ಕಸಿದ್ದಮ್ಮ. "ನೀನೇನ್ ಮಾಡೀಯೆ. ಕೊಡಗಿನ್ ಜೀಪು ಇದ್ದೇ ಐತೆ."

ಅವಳು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು. ನಾನು ಬೋರಿನ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದೆ. ಸುಮ್ಮನೆ ಇವಳನ್ನು ಬೆಳಗಿನ ಬಸ್ಸಿಗೆ ಹತ್ತಿಸಿದ್ದರೆ ಆಗುತ್ತಿರಲಿಲ್ಲವೇ? ಪಾಸ್‌ವರ್ಡ್ ಕೊಡುವವನ ಮನೆಯ ನೆಟ್ಟೂ ನೆಟ್ಟೇ ಅಲ್ಲವೇ? ಆ ವಾರವೆಲ್ಲ ಮನೆಯಲ್ಲಿ ಬೆಳಿಗ್ಗೆ ಉಪ್ಪಿಟ್ಟು. ನಾನು ಸದ್ದಿಲ್ಲದೆ ತಿಂದೆ.

ಮುಂದಿನ ವಾರ ಏರಿಯ ಮೇಲೆ ಹೋಗುತ್ತಿದ್ದ ಲಕ್ಷ್ಮಿಯ ಮೊಬೈಲು ಕುಯ್ಯೆಂದಿತು. ಅವಳು ನಿಂತು ಓದಿದಳು. ಮತ್ತೆ ಓದಿದಳು. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಊರಿಗೆ ಓಡಿಬಂದಳು. ಆರ್ಡರ್ ಸಿಕ್ಕಿತ್ತು! ಮೇಡಂಗೆ ಫೋನ್ ಮಾಡಿ ಕೇಳಿದರೆ, "ಬೇರೆಯವರೆಲ್ಲ ಪರದೆ ಕಟ್ಟಿಕೊಂಡು ಕೂತು ಬಾಯಿಪಾಠ ಒಪ್ಪಿಸಿದ್ರು. ನೀವೊಬ್ಬರೇ ನಡೆದಾಡಿ ಎಲ್ಲಾ ತೋರಿಸಿದ್ದು" ಎಂದರಂತೆ. ಚಿಕ್ಕಸಿದ್ದಮ್ಮ ಅತ್ತಳು, ನಕ್ಕಳು, ಎಲ್ಲರಿಗೂ ಬೆಲ್ಲ ಹಂಚಿದಳು.

ಬೆಲ್ಲ ಬಾಯಿಗೆ ಬಿದ್ದದ್ದೇ ನನ್ನ ಎದೆ ಮತ್ತೆ ಉಬ್ಬಿತು. "ನೋಡ್ದಾ? ನನ್ನ ಟವರು ಗಟ್ಟಿಯಾಗಿ ಒಂದೇ ಕಡೆ ಇದ್ದಿದ್ರೆ ನೀನು ಎದ್ದು ಓಡಾಡ್ತಿದ್ದಾ? ಎಲ್ಲಾ ಲೆಕ್ಕಾಚಾರ ಕಣಮ್ಮಿ, ಲೆಕ್ಕಾಚಾರ!"

ಲಕ್ಷ್ಮಿ ನನ್ನನ್ನೊಮ್ಮೆ ನೋಡಿ ಒಳಗೆ ಹೋದಳು.

ತಿಂಗಳ ಮೇಲೆ ತಾಮ್ರದ ತಂತಿ ತರಲು ಹುಣಸೂರಿಗೆ ಹೋದೆ. ಎಲೆಕ್ಟ್ರಿಕಲ್ ಅಂಗಡಿಯ ಖದೀರ್ ಸಾಹೇಬರು ನನಗೆ ಹಳೆಯ ಪರಿಚಯ. ತಂತಿ ತೂಗುತ್ತಾ ತೂಗುತ್ತಾ ನಗತೊಡಗಿದರು.

"ಏನ್ ಸಾಹೇಬ್ರೇ?"

"ಅಲ್ಲಾ ಸುನೀಲಣ್ಣ, ನಮ್ಮ ಮನೆಯೋರು ಬಷೀರಾಬಿ ಹೊಲಿಗೆ ಸಂಘದಲ್ಲಿದ್ದಾರಲ್ಲ, ಅವರಿಗೆ ಟ್ರೈನಿಂಗ್ ಇತ್ತು. ಅಲ್ಲಿ ನಿಮ್ಮ ವಿಡಿಯೋ ತೋರಿಸಿದ್ರಂತೆ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಲ್ಲಾ ಕಡೆ ತೋರಿಸ್ತಿದ್ದಾರಂತೆ ನೋಡಿ!"

"ನನ್ನ ವಿಡಿಯೋ?" ಅಂಗಿಯ ಕಾಲರು ಸರಿಮಾಡಿಕೊಂಡೆ. "ಏನು, ಟೆಕ್ನಿಕಲ್ ವಿಷಯಾನಾ?"

"ಇಲ್ಲ ಇಲ್ಲ. ಇಂಟರ್‌ವ್ಯೂನಲ್ಲಿ ಧೈರ್ಯವಾಗಿ ಮಾತಾಡೋದು ಹೇಗೆ ಅಂತ. 'ನೋಡಿ, ಹಿಂದೆ ಒಬ್ಬರು ಏನೇನ್ ಮಾಡ್ತಿದ್ರೂ ಈ ಹೆಣ್ಮಗಳ ಗಮನ ಒಂಚೂರೂ ಆ ಕಡೆ ಹೋಗಲಿಲ್ಲ' ಅಂತ ಹೇಳ್ತಾರಂತೆ."

ತಂತಿ ಹೊತ್ತುಕೊಂಡು ತೆಪ್ಪಗೆ ಬಸ್ಸು ಹತ್ತಿದೆ. ಮನೆಗೆ ಬಂದವನೇ ಲಕ್ಷ್ಮಿಯನ್ನು ಕೇಳಿದೆ. ಮೇಡಂ ರೆಕಾರ್ಡ್ ಮಾಡಿಕೊಂಡಿದ್ದ ಆ ವಿಡಿಯೋದ ಲಿಂಕು ಸಂಘದ ಗ್ರೂಪಿಗೆ ಬಂದು ಎಷ್ಟೋ ದಿನವಾಗಿತ್ತಂತೆ. ಅವಳು ಮಾನಸಳ ಹಾಸ್ಟೆಲಿಗೆ ಹೋದಾಗ ನೋಡಿದ್ದಳು. ಮಾನಸ ನೋಡಿದ್ದಳು. ಮಹದೇವಯ್ಯ ತನ್ನ ವೈಫೈನಲ್ಲಿ ದಿನವೂ ನೋಡುತ್ತಿದ್ದನಂತೆ. ಬಂದವರಿಗೆ ಪಾಸ್‌ವರ್ಡ್ ಆದಮೇಲೆ ಅದನ್ನೇ ತೋರಿಸುತ್ತಿದ್ದನಂತೆ. ನಾಲ್ಕು ತಾಲ್ಲೂಕಿನ ಜನ ನೋಡಿದ್ದ ನನ್ನನ್ನು ನಾನೊಬ್ಬನೇ ನೋಡಿರಲಿಲ್ಲ!

ಲಕ್ಷ್ಮಿಯ ಮೊಬೈಲು ಕಿತ್ತುಕೊಂಡು ಒತ್ತಿದೆ. ಚಕ್ರ ತಿರುಗಿತು. ಹಜಾರದಿಂದ ಅಂಗಳಕ್ಕೆ ಬಂದೆ. ಚಕ್ರ ತಿರುಗಿತು. ಹಿತ್ತಿಲಿಗೆ ಹೋದೆ, ಕಲ್ಲು ಹತ್ತಿದೆ, ಕೈಯೆತ್ತಿ ಮೊಬೈಲನ್ನು ಆಕಾಶಕ್ಕೆ ತೋರಿಸುತ್ತಾ ತುದಿಗಾಲಲ್ಲಿ ನಿಂತೆ. ಚಕ್ರ ತಿರುಗುತ್ತಲೇ ಇತ್ತು.

ಅಡುಗೆಮನೆಯ ಕಿಟಕಿಯಿಂದ ಲಕ್ಷ್ಮಿ ನೋಡುತ್ತಿದ್ದಳು.

"ನೀವು ಇಡ್ಕಂಡ್ರೆ ಅದು ಬರಾಕಿಲ್ಲ ಕಣ್ರೀ" ಎಂದಳು. "ಕೋತಿ ಕೈಗೆ ಕೊಡಿ."